ಭಂಗಾರ ಮತ್ತು ಬಂಗಾರ: ಬ್ಯಾಟರಿ ಗಾಡಿಯ ಚರಿತ್ರೆಯ ಒಂದು ಅಧ್ಯಾಯ

ಹಂಪಿಯನ್ನು ನೋಡಿ ಬಂದ ವಾಚಕರಿಗೆ ಈ ಗಾಡಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಗೆಜ್ಜಲ ಮಂಟಪದ ಬಳಿ ನಮ್ಮ ನಮ್ಮ ಕಾರುಗಳನ್ನು ನಿಲ್ಲಿಸಿ, ಅಲ್ಲಿಂದ ವಿಜಯವಿಠ್ಠಲ ದೇವಾಲಯದವರೆಗೆ ಸದ್ದಿಲ್ಲದೆ ಸಾಗುವ ತೆರೆದ ಗಾಡಿಯಲ್ಲಿ ಹೋಗುತ್ತೇವೆ. ಹೊಗೆಯೂ ಅದುರುವಿಕೆಯೂ ಕಲ್ಲಿನ ರಥಕ್ಕೆ ತಾಗದಿರಲಿ ಎಂದು ಮಾಡಿದ ಏರ್ಪಾಡು ಅದು. ಸುತ್ತಲಿನ ಊರುಗಳ ಹೆಣ್ಣುಮಕ್ಕಳೇ ಅದನ್ನು ನಡೆಸುವುದನ್ನು ಕಂಡು ಮೆಚ್ಚಿದವರು ನಮ್ಮಲ್ಲಿ ಅನೇಕರಿದ್ದಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಮೈಸೂರಿನ ಮೃಗಾಲಯದಲ್ಲಿಯೂ ವೃದ್ಧರನ್ನು ಕೂರಿಸಿಕೊಂಡು ತಿರುಗುವುದು ಇದೇ ಜಾತಿಯ ಗಾಡಿ. ಇದರ ಮೂಲ ಅಮೆರಿಕದ ಗಾಲ್ಫ್ ಮೈದಾನ. 1950ರ ದಶಕದಲ್ಲಿ ಅಲ್ಲಿ ಜನಪ್ರಿಯವಾದ 'ಗಾಲ್ಫ್ ಕಾರ್ಟ್' ಇಂದು ಕಾರ್ಖಾನೆ, ಆಸ್ಪತ್ರೆ, ರೈಲು ನಿಲ್ದಾಣಗಳಿಗೂ ಬಂದಿದೆ. ಗಾಲ್ಫ್ ಆಡುವ ಭಾಗ್ಯ ನಮಗೆ ಒದಗದಿದ್ದರೂ ಅದರ ಗಾಡಿಯಂತೂ ಒದಗಿತು.

ಇಷ್ಟು ಪೀಠಿಕೆಗೆ ಕಾರಣವಿದೆ. ನಾವಿರುವುದು ವಾಳೂಜ್‌ನಲ್ಲಿ. ಹಿಂದೆ ಔರಂಗಾಬಾದ್ ಎನಿಸಿಕೊಂಡಿದ್ದು 2023ರಿಂದ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರವಾಗಿರುವ ಪಟ್ಟಣದ ಪಕ್ಕದ ಕೈಗಾರಿಕಾ ವಸಾಹತು ಇದು. 1985ರಲ್ಲಿ ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಬಜಾಜ್ ಆಟೋದ ಕಾರ್ಖಾನೆಯನ್ನು ಇಲ್ಲಿ ಉದ್ಘಾಟಿಸಿದ ಮೇಲೆ ಜೋಳದ ಹೊಲಗಳ ನಡುವಿನ ಈ ಊರಿಗೆ ದಿಕ್ಕು ದಿಕ್ಕಿನಿಂದ ಜನ ಬಂದರು. ಬೀದರ, ಕಲಬುರಗಿ, ವಿಜಯಪುರ, ಧಾರವಾಡಗಳಿಂದ ಬಂದ ನಮ್ಮವರೂ ಅವರಲ್ಲಿದ್ದಾರೆ. ನಾವು ದುಡಿಯುವ ಕಾರ್ಖಾನೆಯಲ್ಲಿ ಅತಿಥಿಗಳನ್ನು ಗೇಟಿನಿಂದ ಒಳಗೆ ಕರೆತರಲು ಒಂದು ಬ್ಯಾಟರಿ ಗಾಡಿಯಿದೆ. ಅದರ ಹೊಟ್ಟೆಯಲ್ಲಿದ್ದ ಸೀಸದ ಬ್ಯಾಟರಿಗಳನ್ನು ತೆಗೆದು ಲಿಥಿಯಂ ಬ್ಯಾಟರಿಯನ್ನು ಕೂರಿಸುವ ಕೆಲಸ ನಮ್ಮ ವಿಭಾಗದ ಪಾಲಿಗೆ ಬಂತು. ಕೆಲಸ ಸಣ್ಣದು. ಆದರೆ ಅದನ್ನು ಮಾಡುತ್ತ ಹೋದಂತೆ ಅದರ ಹಿಂದಿನ ಚರಿತ್ರೆ ಎಷ್ಟು ದೊಡ್ಡದು, ಅದರಲ್ಲಿ ನಮ್ಮ ನಾಡಿನ ಪಾಲು ಎಷ್ಟು ಎಂಬುದು ತಿಳಿದು ಬಂತು. ಅದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಸೀಸದ ಬ್ಯಾಟರಿಯನ್ನು ಮೊದಲು ಮಾಡಿದವನು ಗಾಸ್ತೋಂ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ. 1859ರಲ್ಲಿ ಅವನು ಎರಡು ಸೀಸದ ಹಾಳೆಗಳ ನಡುವೆ ಬಟ್ಟೆಯಿಟ್ಟು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದ. ಖಾಲಿಯಾದರೆ ಮತ್ತೆ ತುಂಬಬಹುದಾದ ಮೊತ್ತಮೊದಲ ವಿದ್ಯುತ್ಕೋಶ ಅದಾಯಿತು. 1881ರಲ್ಲಿ ಅವನದೇ ದೇಶದ ಕಾಮೀಲ್ ಫೋರ್ ಸೀಸದ ಫಲಕಕ್ಕೆ ಸೀಸದ ಸಂಯುಕ್ತದ ಲೇಪವನ್ನು ಮೆತ್ತಿ ಅದರ ಶಕ್ತಿಯನ್ನು ಹೆಚ್ಚಿಸಿದ. ನಮ್ಮ ಸ್ಕೂಟರು, ಕಾರು, ಮನೆಯ ಇನ್ವರ್ಟರುಗಳಲ್ಲಿರುವ ಬ್ಯಾಟರಿ ಮೂಲತಃ ಇಂದಿಗೂ ಅದೇ. 1899ರಲ್ಲಿ ಗಂಟೆಗೆ 100 ಕಿಲೋಮೀಟರಿನ ವೇಗವನ್ನು ಮೊದಲು ಮೀರಿದ ಮೋಟಾರು ಗಾಡಿ ಓಡಿದ್ದು ಪೆಟ್ರೋಲಿನಿಂದಲ್ಲ, ಬ್ಯಾಟರಿಯಿಂದ. ಕೈಯಿಂದ ಹ್ಯಾಂಡಲ್ ತಿರುಗಿಸಿ ಎಂಜಿನನ್ನು ಎಬ್ಬಿಸಬೇಕಾಗಿದ್ದ ಆ ಕಾಲದಲ್ಲಿ ವಿದ್ಯುತ್ ಗಾಡಿಗೆ ಒಳ್ಳೆಯ ಮಾನವಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದೊಡನೆ ಪೆಟ್ರೋಲ್ ಗಾಡಿಯ ಆ ತೊಂದರೆ ನೀಗಿತು. ಆ ಸ್ಟಾರ್ಟರನ್ನು ತಿರುಗಿಸಿದ್ದು ಮತ್ತಾವುದೂ ಅಲ್ಲ, ಇದೇ ಸೀಸದ ಬ್ಯಾಟರಿ! ಬ್ಯಾಟರಿ ಗಾಡಿಯನ್ನು ಮೂಲೆಗೆ ತಳ್ಳುವುದಕ್ಕೆ ಬ್ಯಾಟರಿಯೇ ನೆರವಾಯಿತು ಎಂದರೆ ಅತಿಶಯೋಕ್ತಿಯಾಗಲಾರದು.

ಹೀಗೆ ಮೂಲೆ ಸೇರಿದ್ದ ವಿದ್ಯುತ್ ಕಾರನ್ನು ಭಾರತದ ಬೀದಿಗೆ ತಂದು ವರ್ಷಗಟ್ಟಲೆ ಓಡಿಸಿದ ಕೀರ್ತಿ ಬೆಂಗಳೂರಿಗೆ ಸಲ್ಲಬೇಕು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಚೇತನ್ ಮೈನಿಯವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1990ರಲ್ಲಿ ಅಲ್ಲಿಯ ಸೌರ ಕಾರುಗಳ ಪಂದ್ಯವನ್ನು ಗೆದ್ದ ವಿದ್ಯಾರ್ಥಿ ತಂಡದಲ್ಲಿದ್ದರು. 1994ರಲ್ಲಿ ಮೈನಿ ಬಳಗವೂ ಕ್ಯಾಲಿಫೋರ್ನಿಯದ ಒಂದು ಸಂಸ್ಥೆಯೂ ಕೂಡಿ ರೇವಾ ಕಂಪನಿಯನ್ನು ಕಟ್ಟಿದುವು. ಏಳು ವರ್ಷಗಳ ಪ್ರಯತ್ನದ ಫಲವಾಗಿ 2001ರಲ್ಲಿ ರೇವಾ ಕಾರು ಮಾರಾಟಕ್ಕೆ ಬಂತು. ರೇವಾ ಎಂಬುದು ಚೇತನ್ ಅವರ ತಾಯಿಯ ಹೆಸರು. ಅದೇ ಬಳಗದ ಇನ್ನೊಂದು ಸಂಸ್ಥೆ ಕಾರ್ಖಾನೆ, ಹೋಟೆಲು, ನಿಲ್ದಾಣಗಳಿಗಾಗಿ ಬ್ಯಾಟರಿ ಬಗ್ಗಿಗಳನ್ನು ತಯಾರಿಸಿತು. ಆದ್ದರಿಂದ ನಮ್ಮ ಗಾಡಿಗೂ ರೇವಾ ಕಾರಿಗೂ ದಾಯಾದಿ ಸಂಬಂಧ ಉಂಟೆಂದು ಹೇಳಿದರೆ ತಪ್ಪಾಗದು.

ಸಂಬಂಧ ಹೆಸರಿನಲ್ಲಷ್ಟೇ ಅಲ್ಲ, ಹೊಟ್ಟೆಯಲ್ಲಿಯೂ ಇತ್ತು. ರೇವಾದ ಆಸನದ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟು. ನಮ್ಮ ಗಾಡಿಯಲ್ಲಿಯೂ ಲೆಕ್ಕ ಅದೇ. ಕಾರಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಬರೀ ಬ್ಯಾಟರಿಯದು. ಎಂಟು ಗಂಟೆ ವಿದ್ಯುತ್ ಕುಡಿಸಿದರೆ 80 ಕಿಲೋಮೀಟರು ಓಡುವುದೆಂದು ಕಂಪನಿ ಹೇಳುತ್ತಿತ್ತು. ಆದರೆ ಬ್ಯಾಟರಿ ಹಳತಾದಂತೆ ಓಟ ಕುಗ್ಗುತ್ತಿತ್ತು. ಸುಮಾರು ಮೂರು ವರ್ಷಕ್ಕೆ ಎಂಟನ್ನೂ ಬದಲಿಸುವ ಖರ್ಚು ಮಾಲೀಕರ ತಲೆಯ ಮೇಲೆ ಬೀಳುತ್ತಿತ್ತು. ಜನ ಅದನ್ನು ಆಟಿಕೆ ಎಂದು ಹಾಸ್ಯ ಮಾಡಿದರು. 2004ರಿಂದ ಅದು 'ಜಿ-ವಿಜ್' ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಿತು. ದಟ್ಟಣೆಯ ಸುಂಕವಿಲ್ಲವೆಂದು ಅಲ್ಲಿಯ ಜನ ಅದನ್ನು ಕೊಂಡರು. ಕಾನೂನಿನ ಪ್ರಕಾರ ಅದು ಪೂರ್ಣ ಕಾರಲ್ಲ, 'ಕ್ವಾಡ್ರಿಸೈಕಲ್'. ಅಪಘಾತವಾದರೆ ಒಳಗಿನವರ ಗತಿಯೇನೆಂಬ ಟೀಕೆಯೂ ಬಂತು. ಆ ಟೀಕೆಯಲ್ಲಿ ಸತ್ಯವಿರಲಿಲ್ಲವೆಂದು ಅಭಿಮಾನಕ್ಕಾಗಿ ನಾವು ಹೇಳಲಾರೆವು. ಆದರೆ ಬೊಮ್ಮಸಂದ್ರದ ಒಂದು ಕಾರ್ಖಾನೆ ಜಗತ್ತಿನ ದೊಡ್ಡ ಕಂಪನಿಗಳು ಕಣ್ಣು ತೆರೆಯುವ ಮೊದಲೇ ಸಾವಿರಾರು ವಿದ್ಯುತ್ ಕಾರುಗಳನ್ನು ದಿನನಿತ್ಯದ ಬಳಕೆಗೆ ಇಳಿಸಿತ್ತೆಂಬುದೂ ಅಷ್ಟೇ ಸತ್ಯ.

ಸೀಸದ ಭಾರವೇ ರೇವಾದ ಕಾಲಿಗೆ ಕಟ್ಟಿದ ಗುಂಡು ಎಂಬುದನ್ನು ಅದರ ನಿರ್ಮಾಪಕರು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. 2009ರ ಜನವರಿಯಲ್ಲಿ ಅವರು ಲಿಥಿಯಂ ಬ್ಯಾಟರಿಯ ರೇವಾವನ್ನು ಹೊರತಂದರು. ಓಟ 80ರಿಂದ 120 ಕಿಲೋಮೀಟರಿಗೆ ಏರಿತು. 2010ರ ಮೇ ತಿಂಗಳಿನಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಬಹುಪಾಲನ್ನು ಕೊಂಡಿತು. 2013ರಲ್ಲಿ ಬಂದ ಅದರ ಮುಂದಿನ ಕಾರು ಇ2ಒ ಹುಟ್ಟಿನಿಂದಲೇ ಲಿಥಿಯಮ್ಮಿನದು. ಇತ್ತ ಹಳೆಯ ರೇವಾಗಳ ಸೀಸವನ್ನು ತೆಗೆದು ತಾವೇ ಲಿಥಿಯಂ ಕೂರಿಸಿಕೊಂಡ ಹವ್ಯಾಸಿಗಳು ಇಂಗ್ಲೆಂಡಿನಲ್ಲಿಯೂ ಬೆಂಗಳೂರಿನಲ್ಲಿಯೂ ಇದ್ದರು. ನಾವು ವಾಳೂಜ್‌ನಲ್ಲಿ ಮಾಡಿದ್ದು ಅವರು ಎಂದೋ ಮಾಡಿ ಮುಗಿಸಿದ ಕೆಲಸ.

ಹಾಗಾದರೆ ಈ ಲಿಥಿಯಂ ಎಲ್ಲಿಂದ ಬಂತು? ಇಂಗ್ಲೆಂಡಿನ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ 1970ರ ದಶಕದಲ್ಲಿ ಅಮೆರಿಕದ ಒಂದು ತೈಲ ಕಂಪನಿಯಲ್ಲಿದ್ದುಕೊಂಡು ಅದರ ಅಡಿಗಲ್ಲನ್ನಿಟ್ಟರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡಿನಫ್ ಕೋಬಾಲ್ಟ್ ಆಕ್ಸೈಡನ್ನು ಬಳಸಿ ಅದರ ಶಕ್ತಿ ಹೆಚ್ಚಿಸಿದರು. 1985ರಲ್ಲಿ ಜಪಾನಿನ ಅಕಿರ ಯೋಶಿನೊ ಅದನ್ನು ಬಳಕೆಗೆ ಯೋಗ್ಯವಾಗುವಂತೆ ತಿದ್ದಿದರು. 1991ರಲ್ಲಿ ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೂ 2019ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆಗ ಗುಡಿನಫ್ ಅವರ ವಯಸ್ಸು 97. ಅಷ್ಟು ಇಳಿವಯಸ್ಸಿನಲ್ಲಿ ಆ ಗೌರವ ಪಡೆದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ಕೋಬಾಲ್ಟಿನ ಬ್ಯಾಟರಿ ದುಬಾರಿ. ಅತಿಯಾಗಿ ಕಾದರೆ ತನ್ನೊಳಗಿನ ಆಮ್ಲಜನಕವನ್ನು ತಾನೇ ಬಿಟ್ಟು ಉರಿಯನ್ನು ಹೆಚ್ಚಿಸುತ್ತದೆ. ಅದಕ್ಕೆ ಬದಲಾಗಿ ಕಬ್ಬಿಣ ಮತ್ತು ರಂಜಕದ ಸಂಯುಕ್ತವನ್ನು ಬಳಸಬಹುದೆಂದು ತೋರಿಸಿದ ಲೇಖನ 1997ರಲ್ಲಿ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಇದರಲ್ಲಿ ಆಮ್ಲಜನಕ ರಂಜಕಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಬೆಂಕಿಯ ಭಯ ಬಹಳ ಕಡಿಮೆ. ಇಂದು ಗಾಲ್ಫ್ ಗಾಡಿಗಳಿಗೆ ಬಹುಮಟ್ಟಿಗೆ ಕೂರಿಸುವುದು ಈ ಜಾತಿಯ ಬ್ಯಾಟರಿಯನ್ನೇ. ಆ ಲೇಖನದ ಕರ್ತೃಗಳು ಮೂವರು: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ, ಜಾನ್ ಗುಡಿನಫ್. ನಡುವಿನ ಹೆಸರನ್ನು ಓದಿದ ಯಾವ ಕನ್ನಡಿಗನೂ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾರ. ವಿಷವನ್ನು ಕಂಠದಲ್ಲಿ ಧರಿಸಿದ ನಂಜನಗೂಡಿನ ಸ್ವಾಮಿಯ ಹೆಸರು, ಸೀಸದ ನಂಜನ್ನು ಗಾಡಿಯಿಂದ ಹೊರಹಾಕಿದ ಬ್ಯಾಟರಿಯ ಜಾತಕದಲ್ಲಿ ಬರೆದಿದೆ! ಕಾಕತಾಳೀಯವಿರಬಹುದು. ಆದರೆ ಮನೆಯಲ್ಲಿ ಮಕ್ಕಳಿಗೆ ಹೇಳಿದಾಗ ಅವರ ಕಣ್ಣು ಅರಳಿದ್ದಂತೂ ನಿಜ.

ಇನ್ನು ನಮ್ಮ ಗಾಡಿಯ ಕತೆಗೆ ಬರೋಣ. ಹಳೆಯ ಎಂಟು ಬ್ಯಾಟರಿಗಳ ಒಟ್ಟು ತೂಕ ಸುಮಾರು 250 ಕಿಲೋ. 48 ವೋಲ್ಟು, 200 ಆಂಪಿಯರ್-ಗಂಟೆ, ಗುಣಿಸಿದರೆ 9.6 ಯೂನಿಟ್ ವಿದ್ಯುತ್ತು. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಬೇಗ ಕರಗುತ್ತದೆ. ಆದ್ದರಿಂದ ನೆಮ್ಮದಿಯಾಗಿ ಬಳಸಬಹುದಾದದ್ದು 4.8 ಯೂನಿಟ್ ಮಾತ್ರ. ಹೊಸ ಪೆಟ್ಟಿಗೆಯಲ್ಲಿ 3.2 ವೋಲ್ಟಿನ ಹದಿನಾರು ಕೋಶಗಳ ಸಾಲು, 51.2 ವೋಲ್ಟು, 105 ಆಂಪಿಯರ್-ಗಂಟೆ, ಸುಮಾರು 5.4 ಯೂನಿಟ್. ಇದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬಳಸಿದರೂ ಬಾಧಕವಿಲ್ಲ. ಲೆಕ್ಕ ಹಾಕಿದರೆ ಅದೂ 4.8 ಯೂನಿಟ್ಟೇ! ತೂಕ ಮಾತ್ರ 50 ಕಿಲೋ. ಮೂರು ಆಳು ಪ್ರಯಾಣಿಕರ ಭಾರವನ್ನು ಗಾಡಿಯಿಂದ ಇಳಿಸಿದಂತಾಯಿತು. ಬೆಲೆ ಹೆಚ್ಚು ನಿಜ. ಆದರೆ ಸೀಸದ್ದು ಕೆಲವು ನೂರು ಸಲ ತುಂಬಿ ಬರಿದಾಗುವಷ್ಟರಲ್ಲಿ ಸೋತುಹೋದರೆ, ಇದು ಎರಡು ಸಾವಿರ ಸಲವನ್ನು ದಾಟಬಲ್ಲುದು.

ಇಷ್ಟೆಲ್ಲ ಲೆಕ್ಕ ಹಾಕಿದ ನಾವು ಒಂದು ಕಡೆ ಎಡವಿದೆವು. ಹೊಸ ಬ್ಯಾಟರಿಗೆ ಅದರದೇ ಚಾರ್ಜರ್ ಬೇಕು. ಈ ಹದಿನಾರು ಕೋಶಗಳನ್ನು 58.4 ವೋಲ್ಟಿಗಿಂತ ಮೇಲೆ ಒಯ್ಯಬಾರದು. ಸೀಸದ ಚಾರ್ಜರ್ ಅದನ್ನೂ ಮೀರಬಲ್ಲುದು. ಅದನ್ನು ಬದಲಿಸಿದೆವು. ದೀಪ ಮತ್ತು ಹಾರನ್ನಿಗೆ ಹಿಂದೆ ಎರಡು ಬ್ಯಾಟರಿಗಳಿಂದ 12 ವೋಲ್ಟನ್ನು ಎಳೆದುಕೊಂಡಿದ್ದರು. ಹೊಸ ಪೆಟ್ಟಿಗೆಯಲ್ಲಿ ಹಾಗೆ ನಡುವಿನಿಂದ ಎಳೆಯಲಾಗದು, ಬೇರೊಂದು ಪರಿವರ್ತಕ ಬೇಕು. ಅದನ್ನೂ ಹಾಕಿದೆವು. ಆದರೆ ಚಾರ್ಜ್ ತೋರಿಸುವ ಮುಳ್ಳು ಚೆನ್ನಾಗಿಯೇ ಇದೆಯಲ್ಲ, ಸುಮ್ಮನೆ ಖರ್ಚೇಕೆ ಎಂದು ಹಳೆಯದನ್ನೇ ಬಿಟ್ಟೆವು. ಸೀಸದ ಬ್ಯಾಟರಿಯ ವೋಲ್ಟು ಬಳಸಿದಂತೆ ಮೆಲ್ಲಮೆಲ್ಲನೆ ಇಳಿಯುತ್ತದೆ, ಮುಳ್ಳು ಅದನ್ನೇ ನೋಡಿ ಹೇಳುತ್ತದೆ. ಈ ಲಿಥಿಯಮ್ಮಿನ ವೋಲ್ಟು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು ಕಡೆಗೆ ಒಮ್ಮೆಲೇ ಕುಸಿಯುತ್ತದೆ. ಪರಿಣಾಮವಾಗಿ ಒಂದು ದಿನ ಮುಳ್ಳು 'ತುಂಬಿದೆ' ಎಂದು ತೋರಿಸುತ್ತಿರುವಾಗಲೇ ನಾಲ್ವರು ಅತಿಥಿಗಳ ಸಮೇತ ಗಾಡಿ ನಡುದಾರಿಯಲ್ಲಿ ನಿಂತಿತು. ಕೋಶಗಳನ್ನು ಕಾಯುವ ವಿದ್ಯುನ್ಮಾನ ಕಾವಲುಗಾರ ತನ್ನ ಧರ್ಮದಂತೆ ಸಂಪರ್ಕವನ್ನು ಕಡಿದಿತ್ತು. ಬಿಸಿಲಿನಲ್ಲಿ ಗಾಡಿಯನ್ನು ತಳ್ಳಿದವರು ನಾವೇ. ಒಳಗೆ ಹೋದ ಮತ್ತು ಹೊರಗೆ ಬಂದ ವಿದ್ಯುತ್ತನ್ನು ಜಮಾ-ಖರ್ಚಿನಂತೆ ಎಣಿಸುವ ಮಾಪಕವನ್ನು ಮರುದಿನವೇ ತರಿಸಿದೆವು.

ಈ ಕೆಲಸದಲ್ಲಿ ನಮ್ಮ ಮನಸ್ಸನ್ನು ಕಲಕಿದ ಸಂಗತಿ ಬೇರೆ ಇದೆ. ಹಳೆಯ ಬ್ಯಾಟರಿಗಳಿಗೆ ವಾರಕ್ಕೊಮ್ಮೆ ಡಿಸ್ಟಿಲ್ಡ್ ನೀರು ಹಾಕಲು ಒಬ್ಬ ವೃದ್ಧ ಕೆಲಸಗಾರರಿದ್ದರು. ಇಲ್ಲಿಯ ರೂಢಿಯಂತೆ ಎಲ್ಲರಿಗೂ ಅವರು 'ಕಾಕಾ'. ಆಮ್ಲದ ಹನಿ ಸಿಡಿದು ಅವರ ಅಂಗಿಯ ತುಂಬ ತೂತು. ಹೊಸ ಪೆಟ್ಟಿಗೆಯನ್ನು ಕೂರಿಸಿದ ದಿನ ಅವರು ಸುತ್ತ ಬಂದು ನೋಡಿ, "ಸಾಹೇಬ್, ಇದಕ್ಕೆ ನೀರು ಎಲ್ಲಿಂದ ಹಾಕುವುದು?" ಎಂದು ಕೇಳಿದರು. "ಇದಕ್ಕೆ ನೀರು ಬೇಡ ಕಾಕಾ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನೂ ಬೇಡ" ಎಂದು ನಕ್ಕರು. ನಗಲು ನಮ್ಮಿಂದಾಗಲಿಲ್ಲ. ಅವರಿಗೆ ಬೇರೆ ಕೆಲಸ ಕೊಡಿಸುವುದು ಕಷ್ಟವಾಗಲಿಲ್ಲ ಎಂಬುದು ಸಮಾಧಾನ. ಆದರೆ ಚರಿತ್ರೆಯ ಪ್ರತಿಯೊಂದು ಮುನ್ನಡೆಯ ಹಿಂದೆಯೂ ಹೀಗೆ ಒಬ್ಬ ಕಾಕಾ ನಿಂತಿರುತ್ತಾರೆಂಬುದನ್ನು ಮರೆಯಬಾರದು.

ಅಷ್ಟರಲ್ಲಿ ಗೇಟಿನ ಬಳಿ ಭಂಗಾರವಾಲಾ ತಕ್ಕಡಿ ಹಿಡಿದು ಬಂದ. ಊರು ಬಿಟ್ಟು ಬಂದ ಹೊಸದರಲ್ಲಿ ನಮಗೆ ಈ ಶಬ್ದ ತಮಾಷೆಯಾಗಿ ಕೇಳುತ್ತಿತ್ತು. ನಮ್ಮ ಬಂಗಾರವೆಂದರೆ ಚಿನ್ನ, ಮರಾಠಿಯ ಭಂಗಾರವೆಂದರೆ ಗುಜರಿ. ಸೀಸದ ಮಟ್ಟಿಗೆ ಮಾತ್ರ ಎರಡೂ ಒಂದೇ. ಹಳೆಯ ಬ್ಯಾಟರಿಯ ಸೀಸಕ್ಕೆ ಯಾವಾಗಲೂ ಗಿರಾಕಿಯುಂಟು, ಕರಗಿಸಿದರೆ ಮತ್ತೆ ಹೊಸ ಬ್ಯಾಟರಿಯಾಗುತ್ತದೆ. ಅವನು ಹೇಳಿದ ಬೆಲೆ ಅಧಿಕೃತ ವರ್ತಕರು ಕೊಡುವುದಕ್ಕಿಂತ ಹೆಚ್ಚೇ ಇತ್ತು. ಕೊಟ್ಟುಬಿಡೋಣ ಎಂದವರೂ ನಮ್ಮಲ್ಲಿದ್ದರು.

ಆಗ ನೆನಪಾದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್. ಸೀಸದ ವಿಷದ ವಿರುದ್ಧ ದೇಶವನ್ನು ಎಚ್ಚರಿಸಿದವರು ಅವರು. ಜಾರ್ಜ್ ಪ್ರತಿಷ್ಠಾನದೊಡನೆ ಕೂಡಿ ಬೆಂಗಳೂರು, ಮುಂಬಯಿ ಮುಂತಾದ ನಗರಗಳಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಮಿತಿಮೀರಿದ ಸೀಸ ಕಂಡುಬಂದಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಆದರೆ ಹಿತ್ತಲುಗಳಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವ ಒಲೆಗಳು ಆರಲಿಲ್ಲ. ಆ ಹೊಗೆ ಮೊದಲು ಹೋಗುವುದು ಅಲ್ಲಿಯೇ ಆಡುವ ಮಕ್ಕಳ ಉಸಿರಿಗೆ, ಅಲ್ಲಿಂದ ಅವರ ಬುದ್ಧಿಶಕ್ತಿಗೆ. ಹಳೆಯ ಬ್ಯಾಟರಿಯನ್ನು ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸಬೇಕೆಂಬ ನಿಯಮ 2001ರಲ್ಲಿಯೇ ಬಂದಿತ್ತು. 2022ರ ಹೊಸ ನಿಯಮ ಲಿಥಿಯಂ ಸೇರಿದಂತೆ ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುತ್ತದೆ. ಎಂಟೂ ಬ್ಯಾಟರಿಗಳನ್ನು ಕಡಿಮೆ ಬೆಲೆಗೆ ಅಧಿಕೃತ ವರ್ತಕರಿಗೇ ಕೊಟ್ಟು ರಸೀತಿ ಪಡೆದೆವು. ಭಂಗಾರವಾಲಾನ ಮುಖ ಸಣ್ಣದಾಯಿತು. ಅವನಿಗೂ ಮನೆಯಲ್ಲಿ ಮಕ್ಕಳಿರಬಹುದು, ಅವರ ಸಲುವಾಗಿಯೂ ಇದು ಸರಿಯೇ ಎಂದು ಮನಸ್ಸಿಗೆ ಹೇಳಿಕೊಂಡೆವು.

ಲಿಥಿಯಂ ಬಂದಿತೆಂದ ಮಾತ್ರಕ್ಕೆ ಎಲ್ಲವೂ ಬಂಗಾರವಾಯಿತೆಂದು ತಿಳಿಯಬೇಕಾಗಿಲ್ಲ. ಸೀಸದಷ್ಟು ಸುಲಭವಾಗಿ ಅದನ್ನು ಮರುಬಳಕೆಗೆ ತರಲಾಗದು. ಕೋಶಗಳಿಗಾಗಿ ನಾವು ಇನ್ನೂ ಬಹುಪಾಲು ಚೀನವನ್ನೇ ಅವಲಂಬಿಸಿದ್ದೇವೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ಅಂದಾಜು 2020ರಲ್ಲಿ ಪತ್ರಿಕೆಗಳಲ್ಲಿ ಬಂದಾಗ ಹೊರನಾಡಿನ ನಾವೂ ಹಿಗ್ಗಿದ್ದೆವು. 2021ರಲ್ಲಿ ಸರ್ಕಾರ ಸಂಸತ್ತಿಗೆ ಹೇಳಿದ ಅಂಕಿ 1,600 ಟನ್. ನೆಲದಲ್ಲಿ ಇರುವುದಕ್ಕಿಂತ ತಲೆಯಲ್ಲಿ ಇರುವುದನ್ನು ನಂಬಿ ಬಾಳಬೇಕಾದ ನಾಡು ನಮ್ಮದು ಎಂದು ಅಂದೇ ಅನಿಸಿತು.

ಆ ತಲೆಯ ಫಲ ಈಗ ನಮ್ಮ ಬಾಗಿಲಿಗೇ ಬರುತ್ತಿದೆ. ವಾಳೂಜ್‌ನಲ್ಲಿ ನೆಲೆಯಿರುವ ಎಂಡ್ಯೂರೆನ್ಸ್ ಸಂಸ್ಥೆ, ಬ್ಯಾಟರಿಯ ವಿದ್ಯುನ್ಮಾನ ಕಾವಲುಗಾರನನ್ನು ತಯಾರಿಸುವ ಒಂದು ಕಂಪನಿಯ ಬಹುಪಾಲನ್ನು 2022ರಲ್ಲಿ ಕೊಂಡಿತು. ಬಜಾಜ್ 2023ರಲ್ಲಿ ಲಿಥಿಯಮ್ಮಿನ ಆಟೋರಿಕ್ಷಾಗಳನ್ನು ಬೀದಿಗಿಳಿಸಿತು. ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿ ಏಥರ್ ತನ್ನ ಮುಂದಿನ ಕಾರ್ಖಾನೆಗೆ ಈ ನಗರದ ಬಿಡ್ಕಿನ್ ಪ್ರದೇಶವನ್ನು ಆರಿಸಿಕೊಂಡದ್ದಾಗಿ 2024ರಲ್ಲಿ ಪ್ರಕಟಿಸಿತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಅದೇ ವರ್ಷ ಇಲ್ಲಿಗೆ ಬರಲು ಒಪ್ಪಂದ ಮಾಡಿಕೊಂಡಿತು. ಕನ್ನಡನಾಡಿನಿಂದ ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರು ನಾವು ಮಾತ್ರ ಎಂದುಕೊಂಡಿದ್ದೆವು. ಈಗ ಕಾರ್ಖಾನೆಗಳೇ ನಮ್ಮ ಹಿಂದೆ ಬರುತ್ತಿವೆ.

ಇಲ್ಲಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ ಎಲ್ಲೋರದ ಕೈಲಾಸನಾಥ ದೇವಾಲಯವಿದೆ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ, ಇಡೀ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ್ದು. ಊರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಅಲ್ಲಿಗೆ ಕರೆದೊಯ್ದು 'ಇದು ನಮ್ಮವರು ಕಟ್ಟಿಸಿದ್ದು' ಎಂದು ಹೇಳಿ ಹೆಮ್ಮೆಪಡುತ್ತೇವೆ. ಅದು ತಕ್ಕದ್ದೇ. ಆದರೆ ಬೊಮ್ಮಸಂದ್ರದ ಒಂದು ಪುಟ್ಟ ಕಾರನ್ನು ಇಪ್ಪತ್ತೇ ವರ್ಷಗಳಲ್ಲಿ ಮರೆತೆವು. ಆಟಿಕೆ ಎಂದು ನಕ್ಕವರಲ್ಲಿ ನಾವೂ ಇದ್ದೆವೆಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಮುಂದಿನ ಸಲ ಹಂಪಿಯಲ್ಲೋ ಲಾಲ್‌ಬಾಗಿನಲ್ಲೋ ಬ್ಯಾಟರಿ ಗಾಡಿ ಏರಿದಾಗ, ಮಕ್ಕಳಿಗೆ ಕಲ್ಲಿನ ರಥವನ್ನು ತೋರಿಸುವುದರ ಜೊತೆಗೆ ಸೀಟಿನ ಕೆಳಗೇನಿದೆ ಎಂಬುದನ್ನೂ ತೋರಿಸಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ. ಅದೂ ನಮ್ಮ ಚರಿತ್ರೆಯೇ.